ಗ್ಯಾಸ್ ಎಲ್ಲಿಗೆ ಹೋಯ್ತು? ಕಾರ್ ಎಸಿ ರಿಪೇರಿಯ ಹಿಂದಿನ ಕಥೆ

ಪುಣೆಯಿಂದ ಮಾತಾಡ್ತಾ ಇದೀನಿ, ಹೊರಗೆ ಏಪ್ರಿಲ್ ಬಿಸಿಲು. ಹಾಗಾಗಿ ಇವತ್ತಿನ ವಿಷಯ ಎಲ್ಲಿಂದ ಹೊಳೀತು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ನನ್ನ ಕೈಯಲ್ಲಿ ಒಂದು ಕಪ್ಪು ರಬ್ಬರ್ ಉಂಗುರ ಇದೆ ನೋಡಿ. ಮಕ್ಕಳ ಕಿರುಬೆರಳಿಗೂ ಸರಿಯಾಗಿ ಹಿಡಿಯಲ್ಲ, ಅಷ್ಟು ಸಣ್ಣದು. ಇದಕ್ಕೆ ಓ-ರಿಂಗ್ ಅಂತಾರೆ, ಬೆಲೆ 40 ರೂಪಾಯಿ. ಇದೊಂದು ಉಂಗುರದ ದೆಸೆಯಿಂದ ನಾನು ಮೂರು ಬೇಸಿಗೆ ಸೇರಿ ಹತ್ತಿರ ಹತ್ತಿರ ಆರು ಸಾವಿರ ರೂಪಾಯಿ ಕಳ್ಕೊಂಡೆ. ಮೊದಲ ವರ್ಷ 1,800, ಮರುವರ್ಷ 2,000, ಅದರ ಮುಂದಿನ ವರ್ಷ 2,200. ಪ್ರತಿ ಸಲವೂ ಅದೇ ಮಾತು: 'ಸಾಹೇಬ್, ಗ್ಯಾಸ್ ಮುಗಿದಿದೆ, ತುಂಬಿಸಿಬಿಡೋಣ.' ಅರ್ಧ ಗಂಟೆಯಲ್ಲಿ ಕೆಲಸ ಮುಗೀತಿತ್ತು, ಮುಖಕ್ಕೆ ತಣ್ಣನೆ ಗಾಳಿ ಬರ್ತಿತ್ತು, ನಾನೂ ಖುಷಿಯಾಗಿ ಮನೆಗೆ ಹೋಗ್ತಿದ್ದೆ. ಮಳೆಗಾಲ, ಚಳಿಗಾಲ ಕಳೆದು ಮತ್ತೆ ಮಾರ್ಚ್ ಬಂದಾಗ ಎಸಿಯಿಂದ ಫ್ಯಾನ್ ಗಾಳಿ!

ಮೂರನೇ ಸಲ ದುಡ್ಡು ಕೊಡುವಾಗ ನಾನು ಕೇಳಿದ ಪ್ರಶ್ನೆ ಇಷ್ಟೇ. ಪೆಟ್ರೋಲ್ ಆದರೆ ಉರಿದು ಮುಗಿಯುತ್ತೆ ಸರಿ, ಈ ಗ್ಯಾಸ್ ಉರಿಯಲ್ಲವಲ್ಲ, ಹಾಗಿದ್ರೆ ಎಲ್ಲಿಗೆ ಹೋಯ್ತು? ಆ ಹುಡುಗ ನನ್ನ ಮುಖ ನೋಡಿ ನಕ್ಕ. 'ಹವಾ ಮೇ ಗಯಾ, ಔರ್ ಕಹಾಂ.'

ಗಾಳಿಗೆ ಹೋಯ್ತು. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಈ ಒಂದು ಉತ್ತರಕ್ಕೆ ಸುಮಾರು ನೂರು ವರ್ಷದ ಚರಿತ್ರೆ ಇದೆ, ಅದರಲ್ಲಿ ನೊಬೆಲ್ ವಿಜೇತರು, ಬೆಂಗಳೂರಲ್ಲಿ ಬೆಳೆದ ಒಬ್ಬ ಹುಡುಗ, ಮುಂಬೈಯ ನನ್ನ ಸೋದರಮಾವನ ಟ್ಯಾಕ್ಸಿ, ಎಲ್ಲ ಬರ್ತಾರೆ.

ಮೊದಲು ಯಂತ್ರದ ವಿಷಯ ಚುಟುಕಾಗಿ ಹೇಳಿಬಿಡ್ತೀನಿ. ಅಂಗೈಗೆ ಸ್ಪಿರಿಟ್ ಹಚ್ಕೊಂಡ್ರೆ ತಣ್ಣಗಾಗುತ್ತೆ ಅಲ್ವಾ? ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಎಳ್ಕೊಳ್ಳುತ್ತೆ. ಎಸಿಯಲ್ಲಿ ನಡೆಯೋದೂ ಅದೇ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಗ್ಯಾಸ್ ಆವಿಯಾಗಿ ಕಾರಿನ ಒಳಗಿನ ಶಾಖ ಹೀರುತ್ತೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡಿ, ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ಗೆ ತಳ್ಳುತ್ತೆ. ಅಲ್ಲಿ ಹೊರಗಿನ ಗಾಳಿ ತಾಗಿ ಅದು ಮತ್ತೆ ದ್ರವ ಆಗುತ್ತೆ, ಎಕ್ಸ್‌ಪಾನ್ಷನ್ ವಾಲ್ವ್ ಎಂಬ ಸಣ್ಣ ಕಿಂಡಿ ದಾಟಿ ಪುನಃ ಕಾಯಿಲ್‌ಗೆ ಬರುತ್ತೆ. ಸುತ್ತಿದ್ದೇ ಸುತ್ತೋದು. ಇದರಲ್ಲಿ ಖರ್ಚಾಗುವ ವಸ್ತು ಏನೂ ಇಲ್ಲ. ಗ್ಯಾಸ್ ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ.

ಈಗ ನೂರು ವರ್ಷ ಹಿಂದಕ್ಕೆ ಹೋಗೋಣ. 1920ರ ದಶಕದಲ್ಲಿ ಅಮೆರಿಕ, ಯೂರೋಪಿನ ಮನೆಗಳಿಗೆ ಫ್ರಿಜ್ ಬರೋಕೆ ಶುರುವಾಯ್ತು. ಒಳಗೆ ಸುತ್ತುತ್ತಿದ್ದ ಗ್ಯಾಸುಗಳು ಯಾವುವು ಗೊತ್ತಾ? ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಮೂರೂ ವಿಷ. 1926ರ ಸುಮಾರಿಗೆ ಬರ್ಲಿನ್ನಿನಲ್ಲಿ ಫ್ರಿಜ್‌ನಿಂದ ಸೋರಿದ ಗ್ಯಾಸಿಗೆ ಒಂದು ಕುಟುಂಬವೇ ಸತ್ತ ಸುದ್ದಿ ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ನೊಂದವರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಒಬ್ಬರು. ಅವರು ಲಿಯೋ ಸಿಲಾರ್ಡ್ ಜೊತೆ ಸೇರಿ, ಚಲಿಸುವ ಭಾಗವೇ ಇಲ್ಲದ, ಸೀಲ್ ಒಡೆದು ಸೋರೋಕೆ ಅವಕಾಶವೇ ಇಲ್ಲದ ಫ್ರಿಜ್ ಒಂದನ್ನು ವಿನ್ಯಾಸ ಮಾಡಿ ಪೇಟೆಂಟ್ ತಗೊಂಡ್ರು. ಸಾಪೇಕ್ಷತಾ ಸಿದ್ಧಾಂತದ ಐನ್‌ಸ್ಟೈನೇ! ಆ ಫ್ರಿಜ್ ಮಾರುಕಟ್ಟೆಗೆ ಬರಲಿಲ್ಲ, ಆ ಮಾತು ಬೇರೆ. ಆದರೆ ಸೋರಿಕೆ ಅನ್ನೋದು ಆ ಕಾಲಕ್ಕೆ ಎಷ್ಟು ದೊಡ್ಡ ಭಯವಾಗಿತ್ತು ನೋಡಿ.

ಆ ಭಯವನ್ನು ಕಳೆದವನು ಥಾಮಸ್ ಮಿಜ್ಲಿ. ಜನರಲ್ ಮೋಟಾರ್ಸ್ ಕಂಪನಿಯ ಎಂಜಿನಿಯರ್. 1928ರಲ್ಲಿ ಇವನೂ ಇವನ ಜೊತೆಗಾರರೂ ಕ್ಲೋರಿನ್, ಫ್ಲೋರಿನ್, ಕಾರ್ಬನ್ ಸೇರಿಸಿ ಒಂದು ಹೊಸ ಗ್ಯಾಸ್ ಮಾಡಿದ್ರು. ವಿಷವಿಲ್ಲ, ಬೆಂಕಿ ಹಿಡಿಯಲ್ಲ, ಲೋಹ ತಿನ್ನಲ್ಲ, ವಾಸನೆಯೂ ಇಲ್ಲ ಅನ್ನುವಷ್ಟು ಕಡಿಮೆ. 1930ರ ಏಪ್ರಿಲ್‌ನಲ್ಲಿ ಅಟ್ಲಾಂಟಾದಲ್ಲಿ ನಡೆದ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಮಿಜ್ಲಿ ಆ ಗ್ಯಾಸನ್ನು ಎಲ್ಲರೆದುರು ತಾನೇ ಎಳ್ಕೊಂಡು, ಉರಿಯುತ್ತಿದ್ದ ಮೋಂಬತ್ತಿಯ ಮೇಲೆ ಉಸಿರು ಬಿಟ್ಟ. ದೀಪ ಆರಿತು, ಮಿಜ್ಲಿಗೆ ಏನೂ ಆಗಲಿಲ್ಲ. ಅದೇ ಫ್ರಿಯಾನ್, ನಮ್ಮ ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಆರ್-12. ಅಂದಹಾಗೆ, ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕಂಡುಹಿಡಿದವನೂ ಇದೇ ಮನುಷ್ಯ. ಒಬ್ಬನೇ ವ್ಯಕ್ತಿ ಎರಡು ಸಲ ಇಡೀ ಜಗತ್ತಿನ ಗಾಳಿಗೆ ಕೈ ಹಾಕಿದ ಉದಾಹರಣೆ ನನಗಂತೂ ಬೇರೆ ಗೊತ್ತಿಲ್ಲ. 1944ರಲ್ಲೇ ತೀರಿಕೊಂಡ, ಪರಿಣಾಮ ನೋಡಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ನನಗೆ ಈ ಇಡೀ ಚರಿತ್ರೆಯಲ್ಲಿ ಮುಖ್ಯ ಅನ್ಸೋದು ಇದೇ. ಸಲ್ಫರ್ ಡೈಆಕ್ಸೈಡ್ ಸೋರಿದ್ರೆ ಮೂಗು ಉರಿಯುತ್ತಿತ್ತು, ಜನ ಮನೆಯಿಂದ ಹೊರಗೆ ಓಡ್ತಿದ್ರು, ಮೆಕ್ಯಾನಿಕ್ ಬಂದು ತೂತು ಹುಡುಕಲೇಬೇಕಿತ್ತು. ಫ್ರಿಯಾನ್ ಸೋರಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ, ಯಾರಿಗೂ ಏನೂ ಆಗಲ್ಲ. ತೂತು ಹುಡುಕೋದಕ್ಕಿಂತ ಇನ್ನೊಂದಿಷ್ಟು ಗ್ಯಾಸ್ ತುಂಬೋದೇ ಸುಲಭ, ಅಗ್ಗ. 'ಗ್ಯಾಸ್ ಟಾಪ್-ಅಪ್' ಅನ್ನುವ ಪದ್ಧತಿ ಹುಟ್ಟಿದ್ದು ಈ ಗ್ಯಾಸಿನ ಒಳ್ಳೇತನದಿಂದಲೇ ಅಂತ ನಾನು ಅಂದ್ಕೊಂಡಿದೀನಿ.

ಕಾರಿಗೆ ಎಸಿ ಬಂದಿದ್ದು 1939ರ ಕೊನೆಗೆ, ಅಮೆರಿಕದ ಪ್ಯಾಕಾರ್ಡ್ ಕಂಪನಿಯ 1940ರ ಮಾಡೆಲ್‌ನಲ್ಲಿ. ಬೆಲೆ 274 ಡಾಲರ್. ಆಗ ಸಾವಿರ ಡಾಲರಿಗೆ ಅಲ್ಲಿ ಒಳ್ಳೆ ಕಾರೇ ಬರ್ತಿತ್ತು, ಅಂದರೆ ಕಾರಿನ ಕಾಲುಭಾಗ ಎಸಿಗೇ. ಡಿಕ್ಕಿಯ ಅರ್ಧ ಜಾಗ ಅದಕ್ಕೇ ಹೋಗ್ತಿತ್ತು, ತಣ್ಣನೆ ಗಾಳಿ ಹಿಂದಿನ ಸೀಟಿನವರ ಕುತ್ತಿಗೆಗೆ ಬಡೀತಿತ್ತು. ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ಎಸಿ ನಿಲ್ಲಿಸ್ಬೇಕು ಅಂದ್ರೆ ಕಾರ್ ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಿ ಇಡ್ಬೇಕು! 1941ರ ನಂತರ ಪ್ಯಾಕಾರ್ಡ್ ಅದನ್ನು ಕೈಬಿಟ್ಟಿತು. ಯುದ್ಧ ಮುಗಿದ ಮೇಲೆ 1953ರಲ್ಲಿ ಕ್ರೈಸ್ಲರ್, ಜನರಲ್ ಮೋಟಾರ್ಸ್ ಮತ್ತೆ ಶುರು ಮಾಡಿದ್ವು. 1954ರಲ್ಲಿ ನ್ಯಾಶ್ ಕಂಪನಿ ಎಲ್ಲವನ್ನೂ ಬಾನೆಟ್ ಒಳಗೆ, ಡ್ಯಾಶ್‌ಬೋರ್ಡ್ ಹಿಂದೆ ತಂದು ಕೂರಿಸಿತು. ಇವತ್ತಿಗೂ ನಮ್ಮ ಕಾರಿನಲ್ಲಿ ಇರೋದು ಅದೇ ಏರ್ಪಾಡು, ಕಾಯಿಲ್ ಬದಲಾಯಿಸೋಕೆ ಡ್ಯಾಶ್‌ಬೋರ್ಡ್ ಇಳಿಸುವ ಕೂಲಿ ಕೊಡ್ತಾ ಇರೋದೂ ಅದಕ್ಕೇ. 1969ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಎಸಿ ಇತ್ತು.

ನಮ್ಮ ಮನೆ ಫ್ರಿಜ್ ಇಪ್ಪತ್ತು ವರ್ಷ ಗ್ಯಾಸ್ ಹಾಕಿಸದೆ ಓಡುತ್ತೆ, ಕಾರ್ ಎಸಿ ಯಾಕೆ ಓಡಲ್ಲ ಅಂತ ಎಷ್ಟೋ ಜನ ಕೇಳ್ತಾರೆ. ಫ್ರಿಜ್‌ನಲ್ಲಿ ಮೋಟರು, ಕಂಪ್ರೆಸರ್ ಎರಡೂ ಒಂದೇ ಉಕ್ಕಿನ ಡಬ್ಬಿಯ ಒಳಗೆ, ಡಬ್ಬಿಗೆ ಸುತ್ತಲೂ ವೆಲ್ಡಿಂಗ್. ಹೊರಗೆ ಬರೋದು ವೈರ್ ಮಾತ್ರ. ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಕಂಪ್ರೆಸರನ್ನು ತಿರುಗಿಸೋದು ಎಂಜಿನ್ನಿನ ಬೆಲ್ಟು. ಹಾಗಾಗಿ ತಿರುಗುವ ಒಂದು ದಂಡ ಡಬ್ಬಿಯಿಂದ ಹೊರಗೆ ಬರಲೇಬೇಕು, ಅದರ ಸುತ್ತ ಒಂದು ಸೀಲ್ ಇರಲೇಬೇಕು. ಎಂಜಿನ್ ಅಲುಗಾಡುತ್ತೆ, ಬಾಡಿ ಬೇರೆ ತರ ಅಲುಗಾಡುತ್ತೆ, ಅದಕ್ಕೆ ನಡುವೆ ರಬ್ಬರ್ ಹೋಸ್ ಬೇಕು. ಒಂದೊಂದು ಜೋಡಣೆಗೂ ಒಂದೊಂದು ಓ-ರಿಂಗ್ ಬೇಕು. ಮೇಲಿಂದ ನಮ್ಮ ರಸ್ತೆಗಳು. ಸೋರೋಕೆ ಎಷ್ಟು ದಾರಿ ಬೇಕೋ ಅಷ್ಟೂ ದಾರಿ ವಿನ್ಯಾಸದಲ್ಲೇ ಇದೆ.

ಭಾರತದ ಕಥೆ ಬೇರೆ ವೇಗದ್ದು. ನಮ್ಮಲ್ಲಿ ತಂಪು ಅಂದರೆ ಲಾವಂಚದ ತಟ್ಟಿ, ಅದಕ್ಕೆ ನೀರು ಚಿಮುಕಿಸೋ ಆಳು. 1934ರಲ್ಲಿ ಮುಂಬೈ–ಪೇಶಾವರ ನಡುವಿನ ಫ್ರಾಂಟಿಯರ್ ಮೇಲ್‌ಗೆ ತಂಪು ಬೋಗಿ ಸೇರಿಸಿದಾಗ ಅದರಲ್ಲಿ ಯಂತ್ರಕ್ಕಿಂತ ಹೆಚ್ಚಾಗಿ ಮಂಜುಗಡ್ಡೆಯ ಕೆಲಸ. ಬೋಗಿಯ ಕೆಳಗೆ ಐಸ್ ತುಂಬಿ, ಫ್ಯಾನ್ ಇಟ್ಟು ಗಾಳಿ ಊದೋದು. ಐಸ್ ಕರಗಿದ ಹಾಗೆ ದಾರಿಯ ಸ್ಟೇಷನ್‌ಗಳಲ್ಲಿ ಮತ್ತೆ ತುಂಬೋದು. ಮಧ್ಯಮವರ್ಗದ ಕಾರಿಗೆ ಕಾರ್ಖಾನೆಯಿಂದಲೇ ಎಸಿ ಬರೋದು ಮಾಮೂಲಾಗಿದ್ದು ಮಾರುತಿ ಬಂದ ಮೇಲೆ. 1985ರಲ್ಲಿ ಸುಜುಕಿ ಮತ್ತು ಜಪಾನಿನ ಡೆನ್ಸೊ ಸಹಭಾಗಿತ್ವದಲ್ಲಿ ಸುಬ್ರೋಸ್ ಕಂಪನಿ ಹುಟ್ಟಿತು. ಅಲ್ಲಿಂದ ಮುಂದೆ ಕಾರ್ ಎಸಿ ಅನ್ನೋದು ನಮ್ಮಲ್ಲೂ ಒಂದು ಉದ್ಯಮ ಆಯ್ತು.

ಈಗ ನನ್ನ ಸೋದರಮಾವ. ಕುಂದಾಪುರದ ಕಡೆಯವರು, ಮುಂಬೈಯ ಆಂಟಾಪ್ ಹಿಲ್‌ನಲ್ಲಿ ಮನೆ, ಟ್ಯಾಕ್ಸಿ ಓಡಿಸ್ತಿದ್ರು. ಮುಂಬೈಯವರಿಗೆ ನೀಲಿ-ಬೆಳ್ಳಿ ಬಣ್ಣದ ಕೂಲ್ ಕ್ಯಾಬ್ ನೆನಪಿರಬೇಕು. ಕಪ್ಪು-ಹಳದಿ ಪದ್ಮಿನಿಗಳ ನಡುವೆ ಅದು ಸ್ವಲ್ಪ ಸಾಹೇಬರ ಗಾಡಿ. ಮಾವನ ಹತ್ತಿರ ಅಂಥ ಪದ್ಮಿನಿ ಒಂದಿತ್ತು. ಎಂಜಿನ್ 1,089 ಸಿಸಿ, ಅದು ತನ್ನನ್ನೇ ತಾನು ಎಳ್ಕೊಂಡು ಹೋಗೋದೇ ಹೆಚ್ಚು. ಅದರ ಮೇಲೆ ಕಂಪ್ರೆಸರ್ ಭಾರ. ಪೆಡ್ಡರ್ ರೋಡ್ ಏರು ಬಂದ ಕೂಡಲೇ ಮಾವ ಎಸಿ ಆಫ್ ಮಾಡ್ತಿದ್ರು, ಇಳಿಜಾರು ಬಂದಾಗ ಆನ್ ಮಾಡ್ತಿದ್ರು. ಗಿರಾಕಿ ಕೇಳಿದ್ರೆ 'ಆಟೊಮ್ಯಾಟಿಕ್ ಹೈ' ಅಂತ ಗಂಭೀರವಾಗಿ ಉತ್ತರ! ವರ್ಷಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಕುರ್ಲಾದ ಸಿಎಸ್‌ಟಿ ರೋಡಿಗೆ ಹೋಗಿ ಗ್ಯಾಸ್ ತುಂಬಿಸ್ತಿದ್ರು. ರಜೆಯಲ್ಲಿ ನಾನೂ ಹೋಗಿದ್ದುಂಟು. ಮೆಕ್ಯಾನಿಕ್ ಮೊದಲು ಒಂದು ವಾಲ್ವ್ ಒತ್ತಿ ಹಳೇ ಗ್ಯಾಸನ್ನು 'ಪುಸ್ಸ್' ಅಂತ ಬಿಡ್ತಿದ್ದ. ಬಿಳಿ ಹೊಗೆ ತರ ಬಂದು ಕಣ್ಣೆದುರೇ ಕರಗಿ ಹೋಗ್ತಿತ್ತು. ನಮಗೆಲ್ಲ ಅದು ಒಂದು ತಮಾಷೆ, ಕೈ ಅಡ್ಡ ಹಿಡಿದು ತಣ್ಣಗಾಗೋದನ್ನ ನೋಡ್ತಿದ್ವಿ.

ಆ ಬಿಳಿ ಹೊಗೆ ಎಲ್ಲಿಗೆ ಹೋಗುತ್ತೆ ಅಂತ ಗಂಭೀರವಾಗಿ ಕೇಳಿದ ಮೊದಲಿಗರಲ್ಲಿ ಒಬ್ಬ ಜೇಮ್ಸ್ ಲವ್‌ಲಾಕ್, ಇಂಗ್ಲೆಂಡಿನ ವಿಜ್ಞಾನಿ. ಅತಿ ಸಣ್ಣ ಪ್ರಮಾಣದ ರಾಸಾಯನಿಕವನ್ನೂ ಹಿಡಿಯುವ ಉಪಕರಣ ಒಂದನ್ನು ತಾನೇ ಮಾಡಿಕೊಂಡು 1971ರಲ್ಲಿ ಶ್ಯಾಕಲ್ಟನ್ ಅನ್ನುವ ಹಡಗು ಹತ್ತಿ, ಇಂಗ್ಲೆಂಡಿನಿಂದ ಅಂಟಾರ್ಕ್ಟಿಕದ ಕಡೆಗೆ ಹೋದ. ದಾರಿಯುದ್ದಕ್ಕೂ ಗಾಳಿ ಅಳೆದ. ನಡುಸಮುದ್ರದಲ್ಲೂ, ಕಾರ್ಖಾನೆ ಇಲ್ಲ, ಫ್ರಿಜ್ ಇಲ್ಲ, ಕಾರಿಲ್ಲ, ಅಲ್ಲೂ ಫ್ರಿಯಾನಿನ ಅಣ್ಣ-ತಮ್ಮ ಗ್ಯಾಸ್ ಸಿಕ್ಕಿತು. ಲೆಕ್ಕ ಹಾಕಿದ್ರೆ, ಅಲ್ಲಿಯವರೆಗೆ ತಯಾರಾದದ್ದು ಹೆಚ್ಚುಕಮ್ಮಿ ಪೂರ್ತಿ ಗಾಳಿಯಲ್ಲೇ ಉಳಿದಿದೆ! ಮಳೆಗೆ ತೊಳೆದು ಹೋಗಲ್ಲ, ಮಣ್ಣಿಗೆ ಇಳಿಯಲ್ಲ.

ಹಾಗಿದ್ರೆ ಕೊನೆಗೆ ಅದಕ್ಕೆ ಏನಾಗುತ್ತೆ? ಕ್ಯಾಲಿಫೋರ್ನಿಯಾದಲ್ಲಿ ಶೆರ್ವುಡ್ ರೋಲ್ಯಾಂಡ್ ಮತ್ತು ಅವರ ಜೊತೆ ಕೆಲಸ ಮಾಡ್ತಿದ್ದ ಮೆಕ್ಸಿಕೊದ ಯುವಕ ಮಾರಿಯೊ ಮೊಲಿನಾ ಇದನ್ನು ಬೆನ್ನು ಹತ್ತಿದ್ರು. 1974ರ ಜೂನ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಕೆಳಗೆ ಯಾರಿಗೂ ತೊಂದರೆ ಕೊಡದ ಈ ಗ್ಯಾಸ್ ನಿಧಾನಕ್ಕೆ ಮೇಲೇರಿ, ಓಝೋನ್ ಪದರದ ಎತ್ತರದಲ್ಲಿ ಸೂರ್ಯನ ತೀವ್ರ ಕಿರಣಕ್ಕೆ ಸಿಕ್ಕಿ ಒಡೆಯುತ್ತೆ. ಆಗ ಕ್ಲೋರಿನ್ ಬಿಡುಗಡೆಯಾಗುತ್ತೆ. ಒಂದು ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ಒಡೀಬಹುದು. ಕಂಪನಿಗಳು ನಂಬಲಿಲ್ಲ, ವರ್ಷಗಟ್ಟಲೆ ವಾದ ನಡೀತು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಝೋನ್ ತೂತನ್ನೇ ತೋರಿಸಿದ ಮೇಲೆ ವಾದಕ್ಕೆ ಹೆಚ್ಚು ಜಾಗ ಉಳೀಲಿಲ್ಲ. 1995ರಲ್ಲಿ ರೋಲ್ಯಾಂಡ್, ಮೊಲಿನಾ ಇಬ್ಬರಿಗೂ, ಜೊತೆಗೆ ಪೌಲ್ ಕ್ರುಟ್ಜನ್‌ಗೂ ನೊಬೆಲ್ ಬಂತು.

ಇಷ್ಟು ಕಥೆ ಬಹಳ ಜನರಿಗೆ ಗೊತ್ತು. ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು, ಹೈದರಾಬಾದಿನಲ್ಲಿ ಇರೋರು ಸ್ವಲ್ಪ ಗಮನ ಕೊಟ್ಟು ಕೇಳಿ.

ವೀರಭದ್ರನ್ ರಾಮನಾಥನ್ ಅಂತ ಒಬ್ಬ ಹುಡುಗ. ತಮಿಳು ಮನೆತನ, ಹನ್ನೊಂದನೇ ವಯಸ್ಸಿಗೆ ಕುಟುಂಬ ಬೆಂಗಳೂರಿಗೆ ಬಂತು. ಅಲ್ಲಿಯವರೆಗೆ ತಮಿಳಲ್ಲಿ ಓದಿದ್ದವನಿಗೆ ಬೆಂಗಳೂರಿನ ಶಾಲೆಯಲ್ಲಿ ಇಂಗ್ಲಿಷ್ ಪಾಠ. ಕ್ಲಾಸಲ್ಲಿ ಏನೂ ಅರ್ಥವಾಗದೆ, ಮೇಷ್ಟ್ರ ಮಾತು ಕೇಳೋದನ್ನೇ ಬಿಟ್ಟು, ಎಲ್ಲವನ್ನೂ ತಾನೇ ಯೋಚಿಸಿ ತಿಳ್ಕೊಳ್ಳೋ ಅಭ್ಯಾಸ ಆಯ್ತು ಅಂತ ಆಮೇಲೆ ಅವರೇ ಹೇಳ್ಕೊಂಡಿದಾರೆ. ಊರು ಬದಲಿಸಿದ ನಮ್ಮ ಮಕ್ಕಳಿಗೂ ಇದು ಗೊತ್ತಿರುವ ಸಂಗತಿ. ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಒಂದು ರೆಫ್ರಿಜರೇಟರ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ರು. ಕೊಟ್ಟ ಕೆಲಸ ಏನು ಗೊತ್ತಾ? ಫ್ರಿಜ್‌ಗಳಿಂದ ಗ್ಯಾಸ್ ಇಷ್ಟು ಬೇಗ ಯಾಕೆ ಸೋರುತ್ತೆ ಅಂತ ಪತ್ತೆ ಮಾಡೋದು.

ಆ ಕೆಲಸ ಅವರಿಗೆ ರುಚಿಸಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ರು, ನಮ್ಮ ಜನ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನೋದು ಅದನ್ನೇ. ಅಲ್ಲಿಂದ ಅಮೆರಿಕಕ್ಕೆ ಹೋಗಿ ಗ್ರಹಗಳ ವಾತಾವರಣದ ಬಗ್ಗೆ ಪಿಎಚ್‌ಡಿ ಮಾಡಿದ್ರು. ಅಷ್ಟು ಹೊತ್ತಿಗೆ ರೋಲ್ಯಾಂಡ್–ಮೊಲಿನಾ ಲೇಖನ ಬಂತು. ಎಲ್ಲರೂ ಓಝೋನ್ ಬಗ್ಗೆ ಮಾತಾಡ್ತಿದ್ರೆ, ಸಿಕಂದರಾಬಾದಿನಲ್ಲಿ ಇದೇ ಗ್ಯಾಸಿನ ಜೊತೆ ಗುದ್ದಾಡಿದ್ದ ರಾಮನಾಥನ್ ಬೇರೆ ಪ್ರಶ್ನೆ ಕೇಳಿದ್ರು: ಈ ಗ್ಯಾಸ್ ಶಾಖವನ್ನು ಎಷ್ಟು ಹಿಡಿದಿಟ್ಕೊಳ್ಳುತ್ತೆ? ಲೆಕ್ಕ ಮಾಡಿದಾಗ ಬಂದ ಉತ್ತರ ಅವರಿಗೇ ನಂಬೋಕಾಗದಷ್ಟು. ಇದರ ಒಂದು ಅಣು, ಕಾರ್ಬನ್ ಡೈಆಕ್ಸೈಡಿನ ಹತ್ತು ಸಾವಿರಕ್ಕೂ ಹೆಚ್ಚು ಅಣುಗಳಿಗೆ ಸಮ. 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅದು ಪ್ರಕಟವಾಯ್ತು. ಭೂಮಿ ಬಿಸಿಯಾಗೋಕೆ ಕಾರ್ಬನ್ ಡೈಆಕ್ಸೈಡ್ ಒಂದೇ ಕಾರಣ ಅಂದ್ಕೊಂಡಿದ್ದ ವಿಜ್ಞಾನಿಗಳು ಅಲ್ಲಿಂದ ಬೇರೆ ಗ್ಯಾಸುಗಳನ್ನೂ ಎಣಿಸೋಕೆ ಶುರು ಮಾಡಿದ್ರು.

ನಮ್ಮ ಮಾವ ಬಿಡ್ತಿದ್ದ ಬಿಳಿ ಹೊಗೆ ಇದೇ. ಒಂದು ಕಿಲೋ ಆರ್-12 ಗಾಳಿಗೆ ಹೋದರೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು 10,900 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು.

1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಒಪ್ಪಂದ ಆಯ್ತು. ಭಾರತ ಆಗ ಸಹಿ ಹಾಕಲಿಲ್ಲ, ಚೀನಾ ಕೂಡ ಹೊರಗೇ ಉಳೀತು. ಆ ಹಟಕ್ಕೆ ಕಾರಣ ಇತ್ತು ಅಂತ ನನ್ನ ಅಭಿಪ್ರಾಯ. ಐವತ್ತು ವರ್ಷ ಈ ಗ್ಯಾಸ್ ಬಳಸಿ ತಂಪಾಗಿದ್ದವರು ಶ್ರೀಮಂತ ದೇಶದವರು. ನಮ್ಮಲ್ಲಿ ಅದನ್ನು ಮಾಡೋ ಕಾರ್ಖಾನೆಗಳು ಆಗಷ್ಟೇ ಬೆಳೀತಿದ್ವು, ಒಂದು ನಮ್ಮ ಕಾವೇರಿ ನೀರು ಹೋಗಿ ನಿಲ್ಲುವ ಮೆಟ್ಟೂರಿನಲ್ಲೇ ಇತ್ತು. ಈಗ ಮುಚ್ಚಿ ಅಂದ್ರೆ, ಹೊಸ ಗ್ಯಾಸಿನ ತಂತ್ರಜ್ಞಾನ ಯಾರು ಕೊಡ್ತಾರೆ, ದುಡ್ಡು ಯಾರು ಹಾಕ್ತಾರೆ? 1990ರ ಜೂನ್‌ನಲ್ಲಿ ಲಂಡನ್ ಸಭೆಗೆ ಪರಿಸರ ಸಚಿವೆಯಾಗಿ ಹೋಗಿದ್ದ ಮೇನಕಾ ಗಾಂಧಿ ಇದೇ ಪ್ರಶ್ನೆ ಇಟ್ಕೊಂಡು ಕೂತ್ರು. ಕೊನೆಗೆ ಒಂದು ನಿಧಿ ಸ್ಥಾಪನೆ ಆಯ್ತು. ಮೂರು ವರ್ಷಕ್ಕೆ 160 ಮಿಲಿಯನ್ ಡಾಲರ್, ಭಾರತ ಚೀನಾ ಎರಡೂ ಸೇರಿದ್ರೆ 240 ಮಿಲಿಯನ್. ಭಾರತ 1992ರ ಜೂನ್ 19ರಂದು ಒಪ್ಪಂದಕ್ಕೆ ಸೇರಿತು. 2003ರ ಜನವರಿಯಿಂದ ಹೊಸ ಎಸಿ, ಫ್ರಿಜ್ ತಯಾರಿಕೆಯಲ್ಲಿ ಇಂಥ ಗ್ಯಾಸ್ ಬಳಸೋದು ನಿಂತಿತು. 2008ರ ಆಗಸ್ಟ್ 1ರಿಂದ, ಅಸ್ತಮಾ ಇನ್‌ಹೇಲರ್‌ನಂಥ ಔಷಧದ ಬಳಕೆ ಬಿಟ್ಟು, ಉತ್ಪಾದನೆಯನ್ನೇ ನಿಲ್ಲಿಸಿದ್ವಿ, ಗಡುವಿಗೆ 17 ತಿಂಗಳು ಮೊದಲೇ. ನಮ್ಮ ದೇಶ ಗಡುವಿಗೆ ಮೊದಲು ಒಂದು ಕೆಲಸ ಮುಗಿಸಿದೆ ಅಂತ ಕೇಳೋದೇ ಅಪರೂಪ, ಅದಕ್ಕೇ ಒತ್ತಿ ಹೇಳ್ತಾ ಇದೀನಿ.

ದೊಡ್ಡ ಸಭೆಗಳಲ್ಲಿ ಆದ ತೀರ್ಮಾನ ಕುರ್ಲಾ ತನಕ ಬರುವಾಗ ಹೇಗಿತ್ತು ಅನ್ನೋದೂ ಮುಖ್ಯ. ಹೊಸ ಗ್ಯಾಸ್ ಆರ್-134ಎ. ಕುದಿಯುವ ಉಷ್ಣತೆ ಹೆಚ್ಚುಕಮ್ಮಿ ಹಳೆಯದರಷ್ಟೇ, ಆರ್-12ಗೆ ಮೈನಸ್ 30 ಡಿಗ್ರಿಯ ಹತ್ತಿರ, ಇದಕ್ಕೆ ಮೈನಸ್ 26. ಕ್ಲೋರಿನ್ ಇಲ್ಲ, ಓಝೋನಿಗೆ ಹಾನಿ ಇಲ್ಲ. ಆದರೆ ಹಳೆ ಕಂಪ್ರೆಸರ್‌ನಲ್ಲಿದ್ದ ಖನಿಜ ಎಣ್ಣೆ ಇದರ ಜೊತೆ ಬೆರೆಯಲ್ಲ. ಗ್ಯಾಸ್ ಜೊತೆ ಎಣ್ಣೆ ಸುತ್ತದೇ ಹೋದರೆ ಕಂಪ್ರೆಸರ್ ಒಣಗಿ ಕಚ್ಚಿಕೊಳ್ಳುತ್ತೆ. ಮಾವನ ಗಾಡಿಗೆ ಆಗಿದ್ದು ಅದೇ. ಹಳೆ ಗ್ಯಾಸಿನ ಬೆಲೆ ಏರ್ತಾ ಇತ್ತು, ಯಾರೋ 'ಹೊಸದು ಹಾಕಿಬಿಡಿ, ಏನೂ ಆಗಲ್ಲ' ಅಂದ್ರು, ಎಣ್ಣೆ ಬದಲಿಸಲಿಲ್ಲ, ಓ-ರಿಂಗ್ ಬದಲಿಸಲಿಲ್ಲ. ಎರಡು ತಿಂಗಳಲ್ಲಿ ಕಂಪ್ರೆಸರ್ ಜಾಮ್. ಹೊಸ ಕಂಪ್ರೆಸರ್‌ಗೆ ದುಡ್ಡಿಲ್ಲ. ಬೆಲ್ಟ್ ಕಳಚಿ ಡಿಕ್ಕಿಗೆ ಹಾಕಿದ್ರು. ಮುಂದಿನ ಎರಡು ವರ್ಷ ಆ ಕೂಲ್ ಕ್ಯಾಬ್ ಕಿಟಕಿ ಇಳಿಸ್ಕೊಂಡೇ ಓಡಿತು, ಸಾದಾ ಟ್ಯಾಕ್ಸಿಯ ಬಾಡಿಗೆಗೆ. ಗಿರಾಕಿಗಳ ಬೈಗುಳ ಉಚಿತ.

ಈಗ ನನ್ನ ಕಾರಿಗೆ ಬರ್ತೀನಿ. ನಾಲ್ಕನೇ ಬೇಸಿಗೆಗೆ ಹಳೇ ಅಂಗಡಿಯಲ್ಲಿ ವರಸೆ ಬದಲಾಯ್ತು. ನೋಡದೆಯೇ 'ಕೂಲಿಂಗ್ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಇಳಿಸ್ಬೇಕು, 11,500' ಅಂದ್ರು. ನಾನು ಬೇರೆ ಕಡೆ ಹೋದೆ. ಚಿಂಚವಡದಲ್ಲಿ ವಯಸ್ಸಾದ ಒಬ್ಬ ಮೆಕ್ಯಾನಿಕ್. ಅವರು ಗೇಜ್ ಹಾಕೋ ಮೊದಲು ಟಾರ್ಚ್ ಹಿಡಿದು ಪೈಪುಗಳನ್ನು ನೋಡಿದ್ರು. ಗ್ಯಾಸ್ ಹೊರಗೆ ಹೋಗುವಾಗ ಸ್ವಲ್ಪ ಎಣ್ಣೆಯನ್ನೂ ಎಳ್ಕೊಂಡು ಹೋಗುತ್ತೆ, ಅಲ್ಲಿ ಧೂಳು ಅಂಟಿ ಕಪ್ಪು ಜಿಡ್ಡು ಕಟ್ಟಿರುತ್ತೆ. ಕಂಡೆನ್ಸರ್‌ಗೆ ಪೈಪ್ ಸೇರುವ ಜಾಗದಲ್ಲಿ ಅಂಥ ಜಿಡ್ಡು ಇತ್ತು. ಆಮೇಲೆ ಒಣ ನೈಟ್ರೋಜನ್ ತುಂಬಿ ಒತ್ತಡ ಏರಿಸಿ, ಸೋಪಿನ ನೀರು ಹಚ್ಚಿದ್ರು. ನಿಧಾನಕ್ಕೆ, ಒಂದೊಂದೇ ಗುಳ್ಳೆ ಬಂತು. ಮೂರು ವರ್ಷದ ಕಳ್ಳ ಅಲ್ಲಿ ಕೂತಿದ್ದ. ಕಾಯಿಲ್ ಗಟ್ಟಿಮುಟ್ಟಾಗಿತ್ತು.

ಆ ಬಿಲ್ ನನ್ನ ಹತ್ತಿರ ಇದೆ, ಓದ್ತೀನಿ. ಲೀಕ್ ಟೆಸ್ಟ್ 500. ಓ-ರಿಂಗ್ ಎರಡು, 80. ಡ್ರೈಯರ್ 900, ಇದು ವ್ಯವಸ್ಥೆಯೊಳಗಿನ ತೇವ ಹೀರುವ ಭಾಗ, ಗಾಳಿ ಹೊಕ್ಕ ಮೇಲೆ ಬದಲಿಸಿದ್ರೆ ಒಳ್ಳೇದು. ಕಂಪ್ರೆಸರ್ ಎಣ್ಣೆ 250. ವ್ಯಾಕ್ಯೂಮ್ ಮತ್ತು 420 ಗ್ರಾಂ ಗ್ಯಾಸ್, 1,400. ಕೂಲಿ 800. ಒಟ್ಟು 3,930 ರೂಪಾಯಿ. ಅದಾಗಿ ಎರಡು ಬೇಸಿಗೆ ಕಳೀತು.

ಇದರಲ್ಲಿ ಎರಡು ಕಡೆ ನಿಮ್ಮ ಕಣ್ಣಿರಬೇಕು. ಮೊದಲನೇದು ವ್ಯಾಕ್ಯೂಮ್. ಪಂಪ್ ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆದಾಗ ಒತ್ತಡ ಎಷ್ಟು ಇಳಿಯುತ್ತೆ ಅಂದ್ರೆ, ಪೈಪಲ್ಲಿ ಉಳಿದ ನೀರು ಮಾಮೂಲಿ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಗೆ ಹೋಗುತ್ತೆ. ನೀರು ಉಳಿದ್ರೆ ಎಕ್ಸ್‌ಪಾನ್ಷನ್ ವಾಲ್ವ್‌ನಲ್ಲಿ ಹೆಪ್ಪುಗಟ್ಟುತ್ತೆ, ಗ್ಯಾಸು ಎಣ್ಣೆ ಜೊತೆ ಸೇರಿ ಆಮ್ಲವಾಗಿ ಒಳಗೊಳಗೇ ಲೋಹ ತಿನ್ನುತ್ತೆ. ಇವರು ಮುಕ್ಕಾಲು ಗಂಟೆ ಪಂಪ್ ಓಡಿಸಿ, ನಿಲ್ಲಿಸಿ, ಮುಳ್ಳು ವಾಪಸ್ ಏರುತ್ತಾ ಅಂತ ಕಾದು ನೋಡಿದ್ರು. ನನ್ನ ಹಳೇ ಅಂಗಡಿಯಲ್ಲಿ ಐದು ನಿಮಿಷವೂ ಓಡಿಸ್ತಿರಲಿಲ್ಲ. ಎರಡನೇದು ತೂಕ. ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ನಿಮ್ಮ ಕಾರಿಗೆ ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬರೆದಿರುತ್ತೆ. ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ಅಷ್ಟೇ ತುಂಬಬೇಕು. ಹೆಚ್ಚು ತುಂಬಿದ್ರೂ ತಂಪು ಕಡಿಮೆಯಾಗುತ್ತೆ, ಕಂಪ್ರೆಸರ್‌ಗೆ ಹೊರೆ. ಇನ್ನು ಅಗ್ಗಕ್ಕೆ ಅಡುಗೆ ಗ್ಯಾಸ್ ಜಾತಿಯದ್ದನ್ನು ಬೆರೆಸಿ ತುಂಬೋರೂ ಇದಾರೆ. ಅದು ಬೆಂಕಿ ಹಿಡಿಯುವ ವಸ್ತು, ಕೂತಿರೋದು ನಿಮ್ಮ ಮನೆಯವರು. ಚೆನ್ನೈನ ಪುದುಪೇಟೆಯೋ, ದೆಹಲಿಯ ಕಾಶ್ಮೀರಿ ಗೇಟೋ, ಬೆಂಗಳೂರಿನ ಜೆ.ಸಿ. ರೋಡೋ, ಎಲ್ಲೇ ಹೋದರೂ ತಕ್ಕಡಿ ಎಲ್ಲಿದೆ ಅಂತ ಕೇಳಿ.

ನನ್ನ ಕಾರಿನ ಲೆಕ್ಕವನ್ನೂ ಹಾಕಿದೆ. ಆರ್-134ಎ ಓಝೋನಿಗೆ ಏನೂ ಮಾಡಲ್ಲ ನಿಜ, ಆದರೆ ರಾಮನಾಥನ್ ಕೇಳಿದ ಪ್ರಶ್ನೆಯನ್ನು ಅದಕ್ಕೂ ಕೇಳಬೇಕಲ್ಲ. ಒಂದು ಕಿಲೋ ಇದು, 1,430 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ನನ್ನ ಕಾರಿನ ಗ್ಯಾಸ್ ಒಂದು ಸಲ ಪೂರ್ತಿ ಸೋರಿದ್ರೆ ಸುಮಾರು 600 ಕಿಲೋ ಆಯ್ತು. ಒಂದು ಲೀಟರ್ ಪೆಟ್ರೋಲ್ ಉರಿದ್ರೆ 2.3 ಕಿಲೋ ಬರುತ್ತೆ. ಅಂದರೆ ಒಂದು ಸೋರಿಕೆ, 260 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಮೂರು ಸಲ ತುಂಬಿಸಿದ್ದು ಪ್ರತಿ ಸಲ ಪೂರ್ತಿ ಅಲ್ಲದೇ ಇರಬಹುದು, ಆದರೂ ಬಿಲ್‌ನಲ್ಲಿ ಕಾಣದ ಖರ್ಚು ಇದು.

ಯೂರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಆರ್-134ಎ ಹಾಕುವ ಹಾಗಿಲ್ಲ. ಅಲ್ಲಿ ಈಗ ಹೆಚ್ಚಾಗಿ ಆರ್-1234ವೈಎಫ್. ಅದು ಕೆಲವೇ ದಿನಗಳಲ್ಲಿ ಗಾಳಿಯಲ್ಲಿ ಒಡೆದು ಹೋಗುತ್ತೆ, ಆದರೆ ಬೆಲೆ ಹಲವು ಪಟ್ಟು, ಜೊತೆಗೆ ಸ್ವಲ್ಪ ಬೆಂಕಿ ಹಿಡಿಯುವ ಗುಣ ಬೇರೆ. ನಮ್ಮ ದೇಶ 2016ರ ಕಿಗಾಲಿ ತಿದ್ದುಪಡಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ಅನುಮೋದಿಸಿದೆ. ಅದರ ಪ್ರಕಾರ 2028ಕ್ಕೆ ಈ ಜಾತಿಯ ಗ್ಯಾಸುಗಳ ಬಳಕೆ ಏರೋದು ನಿಲ್ಲಬೇಕು, 2032ರಿಂದ ಇಳೀತಾ ಹೋಗಿ 2047ಕ್ಕೆ 85 ಶೇಕಡ ಕಡಿಮೆಯಾಗಬೇಕು. ಆಗ ಆರ್-134ಎ ಬೆಲೆ ಏನಾಗುತ್ತೆ ಅಂತ ನನ್ನ ಮಾವನನ್ನು ಕೇಳಿದ್ರೆ ಹೇಳ್ತಿದ್ರು.

ಮಾವ ಈಗ ಇಲ್ಲ. ಅವರ ಪದ್ಮಿನಿ 2004ರಲ್ಲೇ ಗುಜರಿಗೆ ಹೋಯ್ತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ಕೂಡ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು. ಆರ್-12 ಗಾಳಿಯಲ್ಲಿ ಸುಮಾರು ನೂರು ವರ್ಷ ಇರುತ್ತೆ. ಕುರ್ಲಾದಲ್ಲಿ ನಾನು ಕೈ ಅಡ್ಡ ಹಿಡಿದು ತಂಪು ನೋಡಿದ್ದೆನಲ್ಲ, ಆ ಗ್ಯಾಸಿನ ಬಹುಪಾಲು ಇನ್ನೂ ಮೇಲೇ ಇದೆ.